ಗಾಡಿ ಒಂದು, ಪಾವತಿ ಎರಡು
(ಹರ್ತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬಸವಣ್ಣನ ಗುಡಿಯ ಊರಾದ ಹರ್ತಿಗೆ ಬಂದು ದುಡಿಮೆಯ ವಿಷಯ ಎತ್ತುವವನಿಗೆ ದೊಡ್ಡ ಪೀಠಿಕೆ ಬೇಕಾಗುವುದಿಲ್ಲ. ವರ್ಷಕ್ಕೊಮ್ಮೆ ದುಡಿಯುವವರ ಬಗ್ಗೆ ಒಂದು ಮಾತು ಆಗಲಿ ಎನ್ನುವುದು ದತ್ತಿ ಇಟ್ಟವರ ಆಸೆ. ಈ ಸಲ ನಾನು ಆರಿಸಿಕೊಂಡಿರುವುದು ನಿಮ್ಮಲ್ಲಿ ಬಹುಪಾಲು ಮಂದಿಯ ಓಣಿಗೆ ಒಂದಲ್ಲ ಒಂದು ಅಪರಾತ್ರಿ ಬಂದುಹೋಗಿರುವ ಜನರನ್ನು. ಹೆರಿಗೆ ನೋವು ಶುರುವಾದಾಗ, ಎರಿ ಹೊಲದಲ್ಲಿ ಹಾವು ಕಚ್ಚಿದಾಗ, ಗದಗಿನ ರಸ್ತೆಯಲ್ಲಿ ಬೈಕು ಬಿದ್ದಾಗ ನೀವು ಒತ್ತುವ ಮೂರು ಅಂಕಿಯ ಆಚೆ ಇರುವವರು. 108ರ ಗಾಡಿಯವರು.

ಈ ಮಾತಿಗೆ ಕಾರಣವಾದ ಒಂದು ಸಣ್ಣ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಆಸ್ಪತ್ರೆಯ ಗೇಟಿನ ಬಳಿ ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದಲ್ಲಿ ಆಂಬುಲೆನ್ಸ್ ನಿಂತಿತ್ತು. ಗಾಡಿ ಹೊಡೆಯುವವನನ್ನು ಅವರ ಭಾಷೆಯಲ್ಲಿ ಪೈಲಟ್ ಅನ್ನುತ್ತಾರೆ. ಒಳಗೆ ರೋಗಿಯ ಪಕ್ಕ ಕೂತು ಆಮ್ಲಜನಕ, ಸಲೈನು ನೋಡಿಕೊಳ್ಳುವವರು ಇಎಂಟಿ. ಆ ದಿನದ ಇಎಂಟಿ ನರ್ಸಿಂಗ್ ಓದಿದ ಹೆಣ್ಣುಮಗಳು. ಮಾತು ಕಾರ್ಮಿಕ ಸಂಘದ ಕಡೆ ತಿರುಗಿದಾಗ ಪೈಲಟ್ ಜೇಬಿನಿಂದ ವಂತಿಗೆಯ ಪಾವತಿ ತೆಗೆದು ತೋರಿಸಿದ. ಆಕೆ ತನ್ನ ಚೀಲದಿಂದ ಇನ್ನೊಂದು ತೆಗೆದಳು. ಎರಡೂ ಬೇರೆ ಬೇರೆ ಸಂಘದವು.

"ನಂದ ಒಂದ ಸಂಘ, ಸಿಸ್ಟರ್‌ದು ಇನ್ನೊಂದರಿ ಸರ" ಅಂದ.

"ಮತ್ತ ಮುಷ್ಕರದ ಕರೆ ಬಂದ್ರ ಹೆಂಗ ಮಾಡ್ತೀರಿ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಇಳದ್ರ ಸಿಸ್ಟರ್ ಒಬ್ಬಾಕಿನ ಒಳಗ ಕುಂತು ಏನ್ ಮಾಡ್ಯಾಳ್ರಿ? ಆಕಿ ಇಳದ್ರ ನಾ ಬರೇ ಗಾಡಿ ಓಡಿಸಿ ಏನ್ ಮಾಡ್ಲಿ? ಒಬ್ಬರ ಇದ್ರ ಇದು ಆಂಬುಲೆನ್ಸ್ ಅಲ್ಲರಿ, ಬರೇ ಗಾಡಿ" ಅಂದ.

ಅಷ್ಟರಲ್ಲಿ ಕಾಲ್ ಬಂತು, ಇಬ್ಬರೂ ಹತ್ತಿ ಹೋದರು. ನಾನು ಕಾರ್ಮಿಕ ಕಾನೂನು ಓದುತ್ತ, ಓದಿಸುತ್ತ ಬಂದವನು. ಸಂಘಗಳ ಪೈಪೋಟಿಯ ಬಗ್ಗೆ ಎಷ್ಟೋ ತೀರ್ಪು ತಿರುವಿ ಹಾಕಿದ್ದೇನೆ. ಆ ಪೈಲಟ್ ಹೇಳಿದಷ್ಟು ಬಿಗಿಯಾಗಿ ಯಾವ ತೀರ್ಪಿನಲ್ಲೂ ಕಂಡಿಲ್ಲ. ಇಬ್ಬರು ಸೇರಿದರೆ ಮಾತ್ರ ನಡೆಯುವ ಕೆಲಸ, ಆ ಇಬ್ಬರ ಪರವಾಗಿ ಎರಡು ದನಿ. ಯಾವ ದನಿ ಹೆಚ್ಚು ಜನರದ್ದು ಎಂದು ಯಾರೂ ಎಣಿಸಿಲ್ಲ. ಈ ಎಣಿಕೆಯ ಕೊರತೆಯ ಬಗ್ಗೆಯೇ ಇವತ್ತು ನನ್ನ ಮಾತು.

ಮೊದಲಿಗೆ ಈ ಸೇವೆ ನಮ್ಮ ರಾಜ್ಯಕ್ಕೆ ಬಂದ ಬಗೆ. 2005ರಲ್ಲಿ ಹೈದರಾಬಾದಿನಲ್ಲಿ ಸತ್ಯಂ ಕಂಪನಿಯ ರಾಮಲಿಂಗ ರಾಜು ಅವರ ಕಡೆಯಿಂದ ಇಎಂಆರ್‌ಐ ಎಂಬ ತುರ್ತು ಸೇವೆಯ ಸಂಸ್ಥೆ ಶುರುವಾಯಿತು. ಕರ್ನಾಟಕ ಸರ್ಕಾರ ಅದರ ಜೊತೆ ಒಪ್ಪಂದ ಮಾಡಿಕೊಂಡು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 108 ಸೇವೆಯನ್ನು ಆರಂಭಿಸಿತು. ಎರಡೇ ತಿಂಗಳಲ್ಲಿ, 2009ರ ಜನವರಿಯಲ್ಲಿ, ಸತ್ಯಂ ಲೆಕ್ಕಪತ್ರದ ಹಗರಣ ಹೊರಬಿತ್ತು. ಬಳಿಕ ಜಿವಿಕೆ ಸಮೂಹ ಮುಂದೆ ಬಂದು ಸಂಸ್ಥೆ ಜಿವಿಕೆ-ಇಎಂಆರ್‌ಐ ಆಯಿತು. ಗಾಡಿಗಳ ಸಂಖ್ಯೆ ಏಳುನೂರು ದಾಟಿತು, ದುಡಿಯುವವರು ಮೂರು ಸಾವಿರಕ್ಕೂ ಹೆಚ್ಚಾದರು. 2025ರಲ್ಲಿ ರಾಜ್ಯ ಸರ್ಕಾರ ಈ ಸೇವೆಯನ್ನು ಖಾಸಗಿ ಸಂಸ್ಥೆಯಿಂದ ತೆಗೆದು ತಾನೇ ನಡೆಸುವುದಾಗಿ ಹೇಳಿತು.

ಈ ಇತಿಹಾಸ ನಮಗೆ ಯಾಕೆ ಬೇಕು ಅಂದರೆ, ಇಷ್ಟು ವರ್ಷ ಗಾಡಿಯ ಮೇಲೆ ಸರ್ಕಾರದ ಹೆಸರು, ಹಣ ಸರ್ಕಾರದ್ದು, ನೇಮಕದ ಕಾಗದ ಮಾತ್ರ ಸಂಸ್ಥೆಯದಾಗಿತ್ತು. ಪಗಾರ ತಡವಾದಾಗ ಸಂಸ್ಥೆ ಸರ್ಕಾರದ ಕಡೆ ಕೈ ತೋರಿಸುತ್ತಿತ್ತು, ಸರ್ಕಾರ ಸಂಸ್ಥೆಯ ಕಡೆ. 2024ರ ಮೇ ತಿಂಗಳಲ್ಲಿ ಬಾಕಿ ಪಗಾರಕ್ಕಾಗಿ 108ರ ನೌಕರರು ಸೇವೆ ನಿಲ್ಲಿಸುವ ಎಚ್ಚರಿಕೆ ಕೊಟ್ಟಾಗ ರಾಜ್ಯವೆಲ್ಲ ಪತ್ರಿಕೆಗಳಲ್ಲಿ ಈ ಕೈ ತೋರಿಸುವಿಕೆಯನ್ನು ಓದಿತು. ಧಣಿ ಯಾರು ಎಂಬುದೇ ಖಚಿತವಿಲ್ಲದ ಕಡೆ ಕೆಲಸಗಾರರ ಪರವಾಗಿ ಮಾತಾಡುವವರು ಯಾರು ಎಂಬುದಾದರೂ ಖಚಿತವಿರಬೇಕಲ್ಲವೆ?

ಇಲ್ಲಿ ಈ ಕೆಲಸದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋಕಾಕ ಮಿಲ್ಲಿನಂಥ ಕಡೆ ಸಂಘ ಕಟ್ಟಿದವರಿಗೆ ಒಂದು ಗೇಟು ಇತ್ತು. ಪಾಳಿ ಬಿಟ್ಟಾಗ ಸಾವಿರ ಜನ ಅದೇ ಗೇಟಿನಿಂದ ಹೊರಬರುತ್ತಿದ್ದರು. ಒಬ್ಬ ಕಲ್ಲಿನ ಮೇಲೆ ಹತ್ತಿ ನಿಂತು ಮಾತಾಡಿದರೆ ಸಂಜೆಯೊಳಗೆ ಮಿಲ್ಲಿನ ಮನಸ್ಸು ಎತ್ತ ಇದೆ ಎಂದು ಗೊತ್ತಾಗುತ್ತಿತ್ತು. ಬೆಟಗೇರಿಯ ನೇಕಾರರಿಗೆ ಗೇಟು ಇಲ್ಲದಿದ್ದರೂ ಓಣಿ ಇತ್ತು. ಒಂದು ಮನೆಯ ಮಗ್ಗ ನಿಂತರೆ ಪಕ್ಕದ ಮನೆಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಆಂಬುಲೆನ್ಸಿನವರಿಗೆ ಗೇಟೂ ಇಲ್ಲ, ಓಣಿಯೂ ಇಲ್ಲ. ಮುಂಡರಗಿಯ ಗಾಡಿಯವರು ಶಿರಹಟ್ಟಿಯ ಗಾಡಿಯವರನ್ನು ನೋಡುವುದು ಇಬ್ಬರೂ ಗದಗಿನ ಜಿಲ್ಲಾಸ್ಪತ್ರೆಗೆ ಒಂದೇ ಹೊತ್ತಿಗೆ ರೋಗಿಯನ್ನು ತಂದಿಳಿಸಿದರೆ ಮಾತ್ರ. ಹನ್ನೆರಡು ತಾಸಿನ ಪಾಳಿ. ಬೆಳಗಿನ ಎಂಟಕ್ಕೆ ಒಂದು ಜೋಡಿ ಇಳಿದು ಇನ್ನೊಂದು ಹತ್ತುತ್ತದೆ, ರಾತ್ರಿ ಎಂಟಕ್ಕೆ ಮತ್ತೆ ಅದಲು ಬದಲು. ಅಷ್ಟೇ ಅವರ ಸಭೆ. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ಹೋದ ಗಾಡಿ ಹೊತ್ತಿಗೆ ಬರದಿದ್ದರೆ ಆ ಸಭೆಯೂ ಇಲ್ಲ.

ಹೀಗೆ ಜನ ಒಬ್ಬರನ್ನೊಬ್ಬರು ಕಾಣದ ಕಡೆ ಸಂಘ ಕಟ್ಟುವುದು ಫೋನಿನಲ್ಲಿ. ವಾಟ್ಸಾಪ್ ಗುಂಪು ಒಬ್ಬ ಮಾಡುತ್ತಾನೆ, ಒಂದು ಮಾತಿಗೆ ಮನಸ್ತಾಪ ಬಂದರೆ ಇನ್ನೊಬ್ಬ ಬೇರೆ ಗುಂಪು ಮಾಡುತ್ತಾನೆ. ಎರಡೂ ಗುಂಪಿನಲ್ಲಿ ಅದೇ ಜನ ಇರುತ್ತಾರೆ. ಎರಡೂ ಕಡೆಯ ಮುಖಂಡರು ತಮ್ಮ ಹಿಂದೆ ಇಷ್ಟು ಜನ ಇದ್ದಾರೆ ಎಂದು ಹೇಳಿದಾಗ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಂದೇ ತಲೆ ಎರಡು ಕಡೆ ಲೆಕ್ಕಕ್ಕೆ ಬಿದ್ದಿರುತ್ತದೆ.

ಕಾನೂನು ಈ ಒಡಕಿಗೆ ಬಾಗಿಲು ಮುಚ್ಚಿಲ್ಲ, ಮುಚ್ಚಬಾರದು ಕೂಡ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಪ್ರಕಾರ ಏಳು ಜನ ಸಹಿ ಹಾಕಿದರೆ ಸಂಘ ನೋಂದಾಯಿಸಬಹುದಿತ್ತು. 2001ರ ತಿದ್ದುಪಡಿ ಅದಕ್ಕೆ ಇನ್ನೊಂದು ಷರತ್ತು ಸೇರಿಸಿತು: ಆ ಕೆಲಸದಲ್ಲಿರುವವರ ಶೇಕಡಾ ಹತ್ತು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಮೂರು ಸಾವಿರ ಜನ ಇರುವ ಕಡೆ ನೂರು ಜನ ಸೇರಿದರೆ ಸಾಕು, ಇನ್ನೊಂದು ಸಂಘ. ಬೆನ್ನಿಗೆ ನಿಲ್ಲುವ ಕೇಂದ್ರ ಸಂಘಟನೆಗಳೂ ಹಲವು: 1920ರ ಎಐಟಿಯುಸಿ, 1947ರ ಇಂಟಕ್, 1955ರ ಬಿಎಂಎಸ್, 1970ರ ಸಿಐಟಿಯು, ಎಐಯುಟಿಯುಸಿ. ಒಂದೊಂದರ ಹಿಂದೆ ಒಂದೊಂದು ರಾಜಕೀಯ ವಿಚಾರ. ಇದರಲ್ಲಿ ತಪ್ಪೇನೂ ಇಲ್ಲ. ಸಂಘ ಕಟ್ಟುವ ಹಕ್ಕು ಅಂದರೆ ಬೇರೆ ಸಂಘ ಕಟ್ಟುವ ಹಕ್ಕೂ ಹೌದು. ಒಂದೇ ಸಂಘ ಇರಲಿ ಎಂದು ಮೇಲಿನಿಂದ ಆಜ್ಞೆ ಮಾಡುವವರು ಸಾಮಾನ್ಯವಾಗಿ ತಮಗೆ ಬೇಕಾದ ಸಂಘವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ನಮ್ಮ ರಾಜ್ಯದ ಆರೋಗ್ಯ ಕ್ಷೇತ್ರವನ್ನೇ ನೋಡಿ. ಹಳ್ಳಿಯ ಗರ್ಭಿಣಿಯ ಜೊತೆ 108ರಲ್ಲಿ ಕೂತು ಬರುವವಳು ಆಶಾ ಕಾರ್ಯಕರ್ತೆ. ಆಕೆಯದು ಎಐಯುಟಿಯುಸಿಗೆ ಸೇರಿದ ಕರ್ನಾಟಕ ರಾಜ್ಯ ಸಂಯುಕ್ತ ಆಶಾ ಕಾರ್ಯಕರ್ತೆಯರ ಸಂಘ ಇರಬಹುದು, ಸಿಐಟಿಯು ಕಡೆಯದೂ ಇರಬಹುದು. ಗುತ್ತಿಗೆ ಮತ್ತು ಹೊರಗುತ್ತಿಗೆಯ ಆರೋಗ್ಯ ಸಿಬ್ಬಂದಿ 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಮೊದಲ ಅಲೆ ಉತ್ತುಂಗದಲ್ಲಿದ್ದಾಗ, ಬಿಎಂಎಸ್ ಜೊತೆಗಿನ ಸಂಘದ ಕೆಳಗೆ ಮುಷ್ಕರ ಹೂಡಿದರು. ಹೆರಿಗೆಯೊಂದಕ್ಕೆ ಕೈ ಹಾಕುವ ನಾಲ್ಕು ಜನ, ಅಂದರೆ ಪೈಲಟ್, ಇಎಂಟಿ, ಆಶಾ, ಆಸ್ಪತ್ರೆಯ ಗುತ್ತಿಗೆ ನರ್ಸ್, ನಾಲ್ಕು ಬಾವುಟದ ಕೆಳಗೆ ಇರಬಹುದು. 2025ರ ಜನವರಿ 7ರಿಂದ 10ರವರೆಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾಗಳು ಚಳಿಯಲ್ಲಿ ಕೂತಾಗ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅದನ್ನು ಆದೇಶವಾಗಿ ಪಡೆಯಲು ಅದೇ ವರ್ಷ ಆಗಸ್ಟಿನಲ್ಲಿ ಅವರು ಮತ್ತೆ ಬೀದಿಗೆ ಬರಬೇಕಾಯಿತು. ಮಾತು ಕೊಟ್ಟವರು ಯಾರಿಗೆ ಕೊಟ್ಟರು ಎಂಬುದನ್ನು ಕಾಗದದಲ್ಲಿ ಬರೆದು, ಎರಡೂ ಕಡೆ ಸಹಿ ಬಿದ್ದು, ಕಾನೂನಿನ ಬಲ ಪಡೆದಾಗಲೇ ಅದು ಒಪ್ಪಂದವಾಗುತ್ತದೆ. ಹಾಗೆ ಸಹಿ ಹಾಕುವ ಅಧಿಕಾರ ಇರುವ ಸಂಘ ಯಾವುದು ಎಂಬುದು ತೀರ್ಮಾನವಾಗದಿದ್ದರೆ ಎಲ್ಲವೂ ಭರವಸೆಯಾಗಿಯೇ ಉಳಿಯುತ್ತದೆ.

ಈ ತೀರ್ಮಾನ ಆಗದ ಕಡೆ ಏನಾಗುತ್ತದೆ ಎಂಬುದಕ್ಕೆ ಸಾರಿಗೆ ನೌಕರರ 2021ರ ಏಪ್ರಿಲ್ ಮುಷ್ಕರ ನಿಮಗೆಲ್ಲ ನೆನಪಿರಬೇಕು. ಎರಡು ವಾರ ಬಸ್ ಇಲ್ಲದೆ ಹರ್ತಿಯವರೂ ಗದಗಿಗೆ ಟಂಟಂನಲ್ಲಿ ಹೋದಿರಿ. ಆಗ ಮುಷ್ಕರಕ್ಕೆ ಕರೆ ಕೊಟ್ಟದ್ದು ಹೊಸದಾಗಿ ಎದ್ದ ಸಾರಿಗೆ ನೌಕರರ ಕೂಟ. ದಶಕಗಳಿಂದ ಮಾತುಕತೆಯ ಮೇಜಿನಲ್ಲಿ ಕೂತಿದ್ದ ಎಐಟಿಯುಸಿಯ ಫೆಡರೇಷನ್ ಅದರಲ್ಲಿ ಇರಲಿಲ್ಲ. ಚಾಲಕರು, ನಿರ್ವಾಹಕರು ಮನೆಯಲ್ಲೇ ಉಳಿದು ಯಾರ ಮಾತಿಗೆ ಕಿವಿಗೊಡುತ್ತೇವೆ ಎಂದು ತೋರಿಸಿದರು. ಆದರೆ ಗೈರುಹಾಜರಿಯಿಂದ ಹಾಕಿದ ಮತಕ್ಕೆ ಬೆಲೆ ವಿಪರೀತ. ವಜಾ, ಅಮಾನತು, ವರ್ಗಾವಣೆ ಸಾಲುಸಾಲಾಗಿ ಬಂದವು. ಬೇಡಿಕೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಈಗ ಇಳಿಯುವುದಿಲ್ಲ. ಒಂದು ಮತಪೆಟ್ಟಿಗೆ ಇಟ್ಟಿದ್ದರೆ ಅದೇ ಉತ್ತರ ಒಬ್ಬರ ಕೆಲಸವೂ ಹೋಗದೆ ಸಿಗುತ್ತಿತ್ತು ಎಂದಷ್ಟೇ ನನ್ನ ನೋವು.

ಎಣಿಸುವುದು ನಮಗೆ ಬಾರದ ವಿದ್ಯೆಯಲ್ಲ. ಇಲ್ಲೇ ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅದರ ಜೀವ ಇದ್ದದ್ದು ಖಾತೆಯ ಪುಸ್ತಕದಲ್ಲಿ: ಸದಸ್ಯ ಯಾರು, ಯಾರಲ್ಲ ಎಂಬ ಪಟ್ಟಿಯಲ್ಲಿ, ಎಕರೆ ಎಷ್ಟೇ ಇರಲಿ ಆಳಿಗೊಂದೇ ಮತ ಎಂಬ ಸಹಕಾರದ ನೇಮದಲ್ಲಿ. ಅದು ಹಳೆಯ ಮಾತಾಯಿತು ಅನ್ನಿಸಿದರೆ ಗದಗ ಜಂಕ್ಷನ್ನಿಗೆ ಹೋಗಿ ನೋಡಿ. ಅಲ್ಲಿನ ರೈಲ್ವೆ ನೌಕರರು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದವರು. ಅವರಲ್ಲೂ ಪೈಪೋಟಿಯ ಸಂಘಗಳಿವೆ, ಮಜ್ದೂರ್ ಯೂನಿಯನ್ ಒಂದು, ಎಂಪ್ಲಾಯೀಸ್ ಸಂಘ ಇನ್ನೊಂದು, ಜೊತೆಗೆ ಮತ್ತೆ ಕೆಲವು. ಪ್ಲಾಟ್‌ಫಾರ್ಮಿನ ಗೋಡೆಯ ಮೇಲೆ ಬಾವುಟ, ಭಿತ್ತಿಪತ್ರ, ಜಗಳ ಎಲ್ಲ ಉಂಟು. ಆದರೆ ರೈಲ್ವೆಯಲ್ಲಿ ಯಾವ ಸಂಘಕ್ಕೆ ಮಾನ್ಯತೆ ಎಂಬುದನ್ನು ಗುಪ್ತ ಮತದಾನ ತೀರ್ಮಾನಿಸುತ್ತದೆ. 2007ರಲ್ಲಿ ಆಯಿತು, 2013ರಲ್ಲಿ ಆಯಿತು, ಬಹಳ ತಡವಾಗಿ 2024ರ ಡಿಸೆಂಬರ್ 4, 5 ಮತ್ತು 6ರಂದು ಮತ್ತೆ ಆಯಿತು. ಗ್ಯಾಂಗ್‌ಮನ್ನಿನ ಮತಕ್ಕೂ ಸ್ಟೇಷನ್ ಮಾಸ್ತರರ ಮತಕ್ಕೂ ಒಂದೇ ತೂಕ. ಮೂರು ದಿನ ಹರಡಿದ ಮತದಾನದಿಂದಾಗಿ ರೈಲಿನ ಮೇಲೆ ಹೊರಟುಹೋದವರಿಗೂ ಮರಳಿ ಬಂದು ಚೀಟಿ ಹಾಕುವ ಸಮಯ ಸಿಗುತ್ತದೆ. ಸ್ಟೇಷನ್ನಿನ ಹೊರಗೆ ರಸ್ತೆಯ ಮೇಲೆ ನಿಂತ 108ರ ಗಾಡಿಯವರಿಗೆ ಇದೇ ಹಕ್ಕು ಯಾಕಿಲ್ಲ?

ಸಂಘದ ಮಾನ್ಯತೆಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನೇ ಇರಲಿಲ್ಲ ಎನ್ನುವುದು ಮುಖ್ಯ ಉತ್ತರ. 1958ರ ಶಿಸ್ತು ಸಂಹಿತೆ ಎಂಬುದೊಂದಿತ್ತು, ಅದು ಒಪ್ಪಿದವರಿಗೆ ಮಾತ್ರ. ಮಹಾರಾಷ್ಟ್ರ 1971ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಆಹಾರ ನಿಗಮದ ಸಿಬ್ಬಂದಿ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಗುಪ್ತ ಮತದಾನ ಹೇಗೆ ನಡೆಯಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿತು. ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ ಮೊದಲ ಬಾರಿಗೆ ಈ ವಿಷಯವನ್ನು ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನ ಒಳಗೆ ತಂದಿದೆ. ಒಂದು ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವವರಲ್ಲಿ ಶೇಕಡಾ 51 ಜನರ ಬೆಂಬಲ ಇರುವ ಸಂಘವೊಂದೇ ಮಾತುಕತೆಯ ಸಂಘ. ಯಾರಿಗೂ ಅಷ್ಟು ಇಲ್ಲದಿದ್ದರೆ, ತಲಾ ಶೇಕಡಾ 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳೆಲ್ಲ ಸೇರಿ ಮಾತುಕತೆಯ ಮಂಡಳಿ. ಒಮ್ಮೆ ಸಿಕ್ಕ ಮಾನ್ಯತೆ ಮೂರು ವರ್ಷ, ಎರಡೂ ಕಡೆ ಒಪ್ಪಿದರೆ ಒಟ್ಟು ಐದು.

ಈ ಸಂಹಿತೆಯ ಬೇರೆ ಹಲವು ಕಲಮುಗಳ ಬಗ್ಗೆ ನನಗೆ ಗಟ್ಟಿ ತಕರಾರಿದೆ. ಯಾವ ಕೆಲಸದಲ್ಲೇ ಆಗಲಿ ಹದಿನಾಲ್ಕು ದಿನ ಮೊದಲೇ ನೋಟಿಸು ಕೊಡದೆ ಮುಷ್ಕರ ಮಾಡುವಂತಿಲ್ಲ ಎನ್ನುವುದು ಬಡ ಕೆಲಸಗಾರನ ಕೈಯಲ್ಲಿದ್ದ ಒಂದೇ ಬಡಿಗೆಯನ್ನು ಸಣ್ಣದು ಮಾಡಿದೆ. ಆದರೆ ಎಣಿಸಿ ನೋಡಿ ಮಾತಾಡಿ ಎನ್ನುವ ಕಲಮನ್ನು ನಾನು ಸ್ವಾಗತಿಸುತ್ತೇನೆ. ಭಯ ಇರುವುದು ಎರಡು ಕಡೆ. 'ಬೆಂಬಲ' ಎಂದರೆ ಪಾವತಿ ಪುಸ್ತಕವೋ, ಗುಪ್ತ ಮತವೋ? ಪಾವತಿ ಪುಸ್ತಕವಾದರೆ ಆ ಆಸ್ಪತ್ರೆಯ ಗೇಟಿನ ಕಥೆಯೇ ಮತ್ತೆ. ಒಬ್ಬನ ಜೇಬಿನಲ್ಲಿ ಎರಡು ಪಾವತಿಯೂ ಇರಬಹುದು, ಮುಖ ನೋಡಿ ಕೊಟ್ಟ ವಂತಿಗೆಯೂ ಇರಬಹುದು. ಎರಡನೆಯದು, 'ಸಂಸ್ಥೆ' ಎಂದರೆ ಯಾವುದು? ಇಡೀ ರಾಜ್ಯದ 108 ಒಂದು ಸಂಸ್ಥೆಯೋ, ಜಿಲ್ಲೆಗೊಂದೋ? ಸೇವೆ ಸರ್ಕಾರದ ಕೈಗೆ ಬಂದು ಜಿಲ್ಲೆ ಜಿಲ್ಲೆಯಲ್ಲಿ ಬೇರೆ ನೇಮಕವಾದರೆ ಮೂರು ಸಾವಿರದ ದನಿ ನೂರರ ದನಿಗಳಾಗಿ ಒಡೆಯುತ್ತದೆ. ಗದಗಿನ ನೂರು ಜನಕ್ಕೆ ಬೆಂಗಳೂರಿನ ಹಣಕಾಸು ಇಲಾಖೆಯ ಮುಂದೆ ಕೂರಲು ಯಾರು ಕುರ್ಚಿ ಕೊಡುತ್ತಾರೆ?

ಎಣಿಕೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಹೊರರಾಜ್ಯದ ಕಡೆ ಒಮ್ಮೆ ನೋಡಬೇಕು. 2021ರ ಜುಲೈಯಲ್ಲಿ ಉತ್ತರಪ್ರದೇಶದ ಆಂಬುಲೆನ್ಸ್ ನೌಕರರು ಗುತ್ತಿಗೆ ಕಂಪನಿ ಬದಲಾದಾಗ ತಮ್ಮ ಕೆಲಸ ಉಳಿಯಲಿ ಎಂದು ಮುಷ್ಕರ ಹೂಡಿದರು. ಸರ್ಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಪ್ರಯೋಗಿಸಿತು, ನೂರಾರು ಜನ ಕೆಲಸ ಕಳೆದುಕೊಂಡರು. ಎದುರು ಕೂತು ಮಾತಾಡಲೇಬೇಕು ಎಂಬ ಬಂಧನ ಕಂಪನಿಗೂ ಇರಲಿಲ್ಲ, ಸರ್ಕಾರಕ್ಕೂ ಇರಲಿಲ್ಲ. ದೂರದ ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಇದೆ. 1935ರ ಕಾನೂನಿನ ಪ್ರಕಾರ ಅಲ್ಲಿ ಸರ್ಕಾರದ ಮಂಡಳಿಯೊಂದು ಮತದಾನ ನಡೆಸಿ ಸಂಘವನ್ನು ಗುರುತಿಸುತ್ತದೆ. ಕ್ಯಾಲಿಫೋರ್ನಿಯಾದ ಖಾಸಗಿ ಆಂಬುಲೆನ್ಸ್ ನೌಕರರು ಹಳೆಯ ದೊಡ್ಡ ಸಂಘವನ್ನು ಬಿಟ್ಟು ತಮ್ಮ ವೃತ್ತಿಯವರದೇ ಹೊಸ ಸಂಘಕ್ಕೆ ಹೋದರು. ಅದೂ ಸಾಲದೆ 2013ರಲ್ಲಿ ಇನ್ನೊಂದನ್ನು ಆರಿಸಿಕೊಂಡರು. ಕಹಿ ಜಗಳಗಳೇ ನಡೆದವು. ಆದರೂ ಪ್ರತಿ ಸಲ ತೀರ್ಮಾನ ಮಾಡಿದ್ದು ಗಾಡಿಯಲ್ಲಿ ದುಡಿಯುವವರ ಚೀಟಿ. ಇನ್ನೊಂದು ಒಳ್ಳೆಯ ನೇಮವೂ ಅಲ್ಲಿದೆ: ಒಪ್ಪಂದ ಜಾರಿಯಲ್ಲಿರುವಾಗ, ಗರಿಷ್ಠ ಮೂರು ವರ್ಷದವರೆಗೆ, ಎದುರಾಳಿ ಸಂಘ ಮತ್ತೆ ಮತದಾನ ಕೇಳುವಂತಿಲ್ಲ. ಗೆದ್ದವರಿಗೆ ಕೆಲಸ ಮಾಡಿ ತೋರಿಸಲು ಸಮಯ, ಸೋತವರಿಗೆ ಮುಂದಿನ ಸರದಿಗೆ ಕಾಯುವ ತಾಳ್ಮೆ.

ನೀವು ಕೇಳಬಹುದು: ಅವರ ಸಂಘದ ಜಗಳ ಅವರದು, ನಮಗೇನು? ಅದರ ಬಿಸಿ ಹೆಚ್ಚು ತಟ್ಟುವುದು ನಮಗೇ. ಎರಡು ಸಂಘಗಳು ಎಣಿಕೆಯಿಲ್ಲದೆ ಪೈಪೋಟಿಗೆ ಬಿದ್ದಾಗ ತಾನು ಹೆಚ್ಚು ಗಟ್ಟಿ ಎಂದು ತೋರಿಸಲು ಇರುವ ದಾರಿ ಕರೆಯನ್ನು ಏರಿಸುತ್ತ ಹೋಗುವುದು. ಒಂದು ಸಂಘ ಒಂದು ದಿನದ ಮುಷ್ಕರ ಎಂದರೆ ಇನ್ನೊಂದು ಮೂರು ದಿನ ಎನ್ನುತ್ತದೆ, ಅದಕ್ಕೆ ಮೊದಲಿನದು ಅನಿರ್ದಿಷ್ಟ ಎನ್ನುತ್ತದೆ. ಹರಾಜಿನಲ್ಲಿ ಕೂಗು ಏರಿದ ಹಾಗೆ. ಆ ಕೂಗಿನ ಬೆಲೆ ತೆರುವುದು ಆ ರಾತ್ರಿ ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳು. ಮತದಲ್ಲಿ ಗೆದ್ದ ಸಂಘಕ್ಕೆ ಈ ಕೂಗಾಟ ಬೇಕಿಲ್ಲ. ಅದು ಧಣಿಯ ಜೊತೆ, ಸರ್ಕಾರದ ಜೊತೆ ಕೂತು, ಮುಷ್ಕರ ಬಂದರೂ ತಾಲ್ಲೂಕಿಗೆ ಇಷ್ಟು ಗಾಡಿ ಓಡುತ್ತವೆ, ಹೆರಿಗೆ, ಅಪಘಾತ, ಹಾವು ಕಡಿತ ಇವನ್ನು ಬಿಡುವುದಿಲ್ಲ ಎಂದು ಬರೆದುಕೊಡಬಲ್ಲದು. ಬರೆದುಕೊಟ್ಟದ್ದನ್ನು ತನ್ನ ಜನರಿಂದ ಪಾಲನೆ ಮಾಡಿಸಬಲ್ಲದು. ಬೆಂಬಲ ಎಷ್ಟೆಂದು ತನಗೇ ಗೊತ್ತಿಲ್ಲದ ಸಂಘ ಹಾಗೆ ಬರೆದುಕೊಟ್ಟರೆ ಮರುದಿನವೇ ಎದುರಾಳಿ ಅದನ್ನು ದ್ರೋಹ ಎಂದು ಕರೆಯುತ್ತಾನೆ. ಮುಷ್ಕರದ ಹಕ್ಕನ್ನು ಕಿತ್ತುಕೊಂಡು ರೋಗಿಯನ್ನು ಕಾಪಾಡುತ್ತೇವೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ತಾಸು ದುಡಿದು ಪಗಾರಕ್ಕೆ ಕಾಯುವವನ ಕೈಯಲ್ಲಿ ರೋಗಿ ಕ್ಷೇಮ ಎಂದು ಅವರು ಹೇಗೆ ನಂಬುತ್ತಾರೋ ತಿಳಿಯದು.

ಗಾಡಿಯಲ್ಲಿರುವವರನ್ನು ಮತಗಟ್ಟೆಗೆ ಕರೆದರೆ ಸೇವೆ ನಿಲ್ಲುವುದಿಲ್ಲವೆ ಎಂದು ಈ ಸಭೆಗೆ ಮೊದಲು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆ. ಅವರನ್ನು ಎಲ್ಲಿಗೂ ಕರೆಯಬೇಕಿಲ್ಲ. ಪಾಳಿ ಬದಲಾಗುವ ಹೊತ್ತು ಗೊತ್ತಿದೆ, ಗಾಡಿ ನಿಲ್ಲುವ ಜಾಗ ಗೊತ್ತಿದೆ. ಕಾರ್ಮಿಕ ಇಲಾಖೆಯ ಒಬ್ಬ ಅಧಿಕಾರಿ, ಒಂದು ಪಟ್ಟಿ, ಒಂದು ಮುಚ್ಚಿದ ಪೆಟ್ಟಿಗೆ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಆಸ್ಪತ್ರೆಗಳ ಅಂಗಳದಲ್ಲಿ ಬೆಳಗಿನ ಎಂಟಕ್ಕೆ ಪೆಟ್ಟಿಗೆ ಇಡಲಿ. ಇಳಿದವರು ಚೀಟಿ ಹಾಕಿ ಮನೆಗೆ ಹೋಗಲಿ, ಹತ್ತುವವರು ಚೀಟಿ ಹಾಕಿ ಗಾಡಿ ಹತ್ತಲಿ. ರಾತ್ರಿ ಎಂಟಕ್ಕೆ ಮತ್ತೆ. ಹುಬ್ಬಳ್ಳಿಗೆ ಹೋದ ಗಾಡಿ ಆ ಹೊತ್ತಿಗೆ ಬರದಿದ್ದರೆ ಮರುದಿನ ಇದೆ, ಅದರ ಮರುದಿನವೂ ಇರಲಿ, ರೈಲ್ವೆಯವರಿಗೆ ಇದ್ದ ಹಾಗೆ ಮೂರು ದಿನ. ಆ ಪೈಲಟ್ ಒಂದು ಸಂಘಕ್ಕೆ, ಆ ಸಿಸ್ಟರ್ ಇನ್ನೊಂದಕ್ಕೆ ಚೀಟಿ ಹಾಕಲಿ. ಹಾಕಿ, ಕಾಲ್ ಬಂದರೆ, ಇಬ್ಬರೂ ಅದೇ ಗಾಡಿ ಹತ್ತಿ ಹೋಗಲಿ.